ಕಣ್ಣಿದ್ದರೂ ಮೂಸುವ ಮಂಗಗಳು: ಇಂದ್ರಿಯಗಳ ಬಗ್ಗೆ ಕಾಡಿನ ಅಧ್ಯಯನಗಳು ಹೇಳುತ್ತಿರುವುದೇನು?

ಒಂದು ಪ್ರಾಣಿಯ ಕಣ್ಣಿಗೆ ಏನೇನು ಕಾಣಬಲ್ಲದು ಎಂಬುದು ಒಂದು ಪ್ರಶ್ನೆ. ಹಸಿದು ಮರದಿಂದ ಮರಕ್ಕೆ ಸಾಗುತ್ತಿರುವಾಗ ಅದು ಆ ಕಣ್ಣನ್ನು ಎಷ್ಟರ ಮಟ್ಟಿಗೆ ನೆಚ್ಚಿಕೊಳ್ಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಪ್ರಯೋಗಾಲಯದಲ್ಲಿ ಉತ್ತರ ಸಿಗುತ್ತದೆ: ಕಣ್ಣಿನ ಕೋಶಗಳನ್ನು ಪರೀಕ್ಷಿಸಬಹುದು, ಜೀನುಗಳನ್ನು ಓದಬಹುದು, ಬೋನಿನಲ್ಲಿರುವ ಮಂಗಕ್ಕೆ ಬಣ್ಣದ ಫಲಕಗಳನ್ನು ತೋರಿಸಿ ಆರಿಸಲು ಕಲಿಸಬಹುದು. ಎರಡನೆಯದಕ್ಕೆ ಉತ್ತರ ಬೇಕಾದರೆ ಕಾಡಿಗೇ ಹೋಗಿ, ಮಂಗಗಳು ಮನುಷ್ಯರ ಇರವನ್ನು ಮರೆತು ತಮ್ಮ ಪಾಡಿಗೆ ತಾವು ಇರುವಷ್ಟು ಕಾಲ ಅವುಗಳ ಹಿಂದೆ ನಡೆಯಬೇಕಾಗುತ್ತದೆ. ಕಳೆದ ಎರಡು ಮೂರು ದಶಕಗಳಲ್ಲಿ ಈ ಎರಡನೆಯ ಬಗೆಯ ಕೆಲಸ ಗಟ್ಟಿಯಾಗಿ ಬೆಳೆದಿದೆ. ಪ್ರಯೋಗಾಲಯದ ಉತ್ತರಗಳನ್ನು ಅದು ಸುಳ್ಳು ಮಾಡಿಲ್ಲವಾದರೂ, ಅವುಗಳಿಂದ ನಾವು ಅವಸರದಲ್ಲಿ ಹೆಣೆದುಕೊಂಡಿದ್ದ ಹಲವು ತೀರ್ಮಾನಗಳನ್ನು ಸಡಿಲಗೊಳಿಸಿದೆ.

ಹಾಗೆ ಹೆಣೆದುಕೊಂಡಿದ್ದ ತೀರ್ಮಾನಗಳಲ್ಲಿ ಮುಖ್ಯವಾದುದು, ಮಂಗ ಕಣ್ಣಿನ ಪ್ರಾಣಿ, ಮೂಗು ಅದಕ್ಕೆ ಹೆಸರಿಗಷ್ಟೇ ಎಂಬುದು. ಇದಕ್ಕೆ ಆಧಾರಗಳೇನೂ ಕಡಿಮೆಯಿರಲಿಲ್ಲ. ಮಂಗಗಳ ಕಣ್ಣುಗಳು ಮುಂದಕ್ಕೆ ಮುಖ ಮಾಡಿವೆ, ಮೂತಿ ಚಿಕ್ಕದು, ಮಿದುಳಿನಲ್ಲಿ ವಾಸನೆಗೆ ಮೀಸಲಾದ ಭಾಗ ದೇಹದ ಗಾತ್ರಕ್ಕೆ ಹೋಲಿಸಿದರೆ ಸಣ್ಣದು. ಹತ್ತೊಂಬತ್ತನೆಯ ಶತಮಾನದ ಅಂಗರಚನಾ ತಜ್ಞರು ಇಷ್ಟನ್ನು ನೋಡಿಯೇ ಮಂಗ ಮತ್ತು ಮನುಷ್ಯರನ್ನು ಘ್ರಾಣಶಕ್ತಿ ಕುಂದಿದ ಪ್ರಾಣಿಗಳ ಸಾಲಿಗೆ ಸೇರಿಸಿದರು. 2004ರಲ್ಲಿ ಪ್ರಕಟವಾದ ಒಂದು ಜೀನು ಅಧ್ಯಯನವು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಪೂರ್ಣ ಪ್ರಮಾಣದ ಮೂರು ಬಣ್ಣಗಳ ದೃಷ್ಟಿ ಬಂದ ವಂಶಗಳಲ್ಲಿಯೇ ವಾಸನೆ ಹಿಡಿಯುವ ಜೀನುಗಳು ಹೆಚ್ಚಾಗಿ ಕೆಟ್ಟುಹೋಗಿವೆ, ಅಂದರೆ ಕಣ್ಣು ಬಂದಂತೆ ಮೂಗು ಹೋಯಿತು ಎಂಬುದು ಅದರ ವಾದವಾಗಿತ್ತು. ಹೆಚ್ಚು ಪೂರ್ಣವಾದ ಜೀನೋಮುಗಳು ಲಭ್ಯವಾದ ಮೇಲೆ, 2010ರಲ್ಲಿ, ಜಪಾನಿನ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಹಾಕಿ, ಆ ಎರಡು ಸಂಗತಿಗಳ ನಡುವೆ ಅಷ್ಟು ನೇರವಾದ ನಂಟು ಕಾಣುವುದಿಲ್ಲವೆಂದರು. ಅಷ್ಟರಲ್ಲಿ ಮಟಿಯಾಸ್ ಲಾಸ್ಕಾ ಅವರ ಪ್ರಯೋಗಗಳು, ಜೇಡಕೋತಿ ಮತ್ತು ಅಳಿಲುಕೋತಿಗಳಂಥ ಮಂಗಗಳು ಕೆಲವು ವಾಸನೆಗಳನ್ನು ಅತ್ಯಂತ ಸಣ್ಣ ಪ್ರಮಾಣದಲ್ಲಿಯೂ ಗುರುತಿಸಬಲ್ಲವು ಎಂದು ತೋರಿಸಿದ್ದವು. ಮೂಗು ಹೋಗಿರಲಿಲ್ಲ, ಅದನ್ನು ಯಾರೂ ಸರಿಯಾಗಿ ಗಮನಿಸಿರಲಿಲ್ಲ, ಅಷ್ಟೆ.

ಈ ಚರ್ಚೆಯಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಂಗಗಳಿಗೆ ಇಷ್ಟು ಮಹತ್ವ ಬರಲು ಒಂದು ವಿಶೇಷ ಕಾರಣವಿದೆ. ಆಫ್ರಿಕಾ ಮತ್ತು ಏಷ್ಯಾದ ಮಂಗಗಳೆಲ್ಲವಕ್ಕೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ನಮ್ಮಂತೆಯೇ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಇದನ್ನು ತ್ರಿವರ್ಣ ದೃಷ್ಟಿ ಎನ್ನುತ್ತಾರೆ. ಅಮೆರಿಕದ ಬಹುಪಾಲು ಮಂಗಗಳಲ್ಲಿ ಸ್ಥಿತಿ ಬೇರೆ. ಹಸಿರು ಮತ್ತು ಕೆಂಪಿನ ಕಡೆಯ ಬೆಳಕನ್ನು ಹಿಡಿಯುವ ಆಪ್ಸಿನ್ ಎಂಬ ಪ್ರೋಟೀನಿನ ಜೀನು ಅವುಗಳಲ್ಲಿ ಎಕ್ಸ್ ವರ್ಣತಂತುವಿನ ಮೇಲೆ ಒಂದೇ ಒಂದಿದೆ, ಆದರೆ ಆ ಜೀನಿನ ರೂಪಗಳು ಒಂದಕ್ಕಿಂತ ಹೆಚ್ಚು. ಗಂಡಿಗೆ ಇರುವುದು ಒಂದೇ ಎಕ್ಸ್ ವರ್ಣತಂತುವಾದ್ದರಿಂದ ಅದಕ್ಕೆ ಒಂದು ರೂಪ ಮಾತ್ರ ಸಿಕ್ಕುತ್ತದೆ. ನೀಲಿಯ ಕಡೆಯ ಕೋಶವನ್ನೂ ಸೇರಿಸಿದರೆ ಒಟ್ಟು ಎರಡು. ಹೀಗಾಗಿ ಗಂಡುಗಳೆಲ್ಲವೂ ದ್ವಿವರ್ಣ ದೃಷ್ಟಿಯವು, ಕೆಂಪು ಹಸಿರುಗಳ ವ್ಯತ್ಯಾಸ ಅವಕ್ಕೆ ಸ್ಪಷ್ಟವಾಗಿ ಕಾಣದು. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳಿವೆ. ಎರಡರಲ್ಲಿಯೂ ಒಂದೇ ರೂಪವಿದ್ದರೆ ಅದೂ ದ್ವಿವರ್ಣದ್ದೇ, ಬೇರೆ ಬೇರೆ ರೂಪಗಳಿದ್ದರೆ ಮಾತ್ರ ತ್ರಿವರ್ಣದ್ದು. ಕಪುಚಿನ್ ಮಂಗಗಳಲ್ಲಿ ಈ ಜೀನಿಗೆ ಮೂರು ರೂಪಗಳಿವೆ. ಮೂರೂ ಸಮ ಪ್ರಮಾಣದಲ್ಲಿ ಹಂಚಿಕೆಯಾಗಿದ್ದರೆ ಹೆಣ್ಣುಗಳಲ್ಲಿ ಮೂರರಲ್ಲಿ ಎರಡು ಪಾಲು ತ್ರಿವರ್ಣ ದೃಷ್ಟಿಯವಾಗಿರುತ್ತವೆ ಎಂಬುದು ಸರಳ ಗಣಿತ.

ಹಾಗಾಗಿ ಒಂದೇ ಗುಂಪಿನಲ್ಲಿ, ಒಂದೇ ಮರದಲ್ಲಿ, ಒಂದೇ ಹಣ್ಣಿನ ಗೊಂಚಲಿನ ಮುಂದೆ ಬೇರೆ ಬೇರೆ ಕಣ್ಣುಗಳ ಮಂಗಗಳು ಕುಳಿತಿರುತ್ತವೆ. ಬೇರೆ ಸಂದರ್ಭಗಳಲ್ಲಿ ವಿಜ್ಞಾನಿಗಳು ಕಷ್ಟಪಟ್ಟು ಏರ್ಪಡಿಸಬೇಕಾದ ಹೋಲಿಕೆಯನ್ನು ಪ್ರಕೃತಿಯೇ ಇಲ್ಲಿ ಸಿದ್ಧಪಡಿಸಿ ಇಟ್ಟಿದೆ. ಇದನ್ನು ಬಳಸಿಕೊಳ್ಳಲು ಬೇಕಾದ ಉಪಾಯವೂ ಕಾಲಕ್ರಮದಲ್ಲಿ ಸಿಕ್ಕಿತು. ಮಂಗವನ್ನು ಹಿಡಿಯದೆ, ರಕ್ತ ತೆಗೆಯದೆ, ಅದು ಕೆಳಗೆ ಬೀಳಿಸಿದ ಹಿಕ್ಕೆಯನ್ನು ಸಂಗ್ರಹಿಸಿ ಅದರಲ್ಲಿ ಉಳಿದಿರುವ ಕರುಳಿನ ಕೋಶಗಳ ಡಿಎನ್ಎಯಿಂದ ಆಪ್ಸಿನ್ ಜೀನಿನ ರೂಪವನ್ನು ತಿಳಿಯಬಹುದು. ಮುಖ ನೋಡಿ ಒಂದೊಂದು ಮಂಗವನ್ನೂ ಗುರುತಿಸಬಲ್ಲವರು ಕಾಡಿನಲ್ಲಿ ಅದರ ನಡವಳಿಕೆಯನ್ನು ದಾಖಲಿಸುತ್ತಾರೆ. ಹಿಕ್ಕೆಯ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಎರಡೂ ಕೊನೆಗೆ ಒಂದೇ ಕಡತದಲ್ಲಿ ಸೇರುತ್ತವೆ.

ಕೋಸ್ಟರಿಕಾದ ವಾಯವ್ಯ ಭಾಗದಲ್ಲಿರುವ ಸಾಂತಾ ರೋಸಾ ಎಂಬ ಒಣ ಕಾಡು ಈ ಬಗೆಯ ಕೆಲಸಕ್ಕೆ ಹೆಸರಾದ ಸ್ಥಳ. ಲಿಂಡಾ ಫೆಡಿಗನ್ 1983ರಲ್ಲಿ ಅಲ್ಲಿ ಮಂಗಗಳ ಅಧ್ಯಯನವನ್ನು ಆರಂಭಿಸಿದರು. ಬಿಳಿಮುಖದ ಕಪುಚಿನ್, ಜೇಡಕೋತಿ, ಹೌಲರ್ ಎಂಬ ಮೂರು ಜಾತಿಯ ಮಂಗಗಳು ಅಲ್ಲಿ ಒಂದೇ ಕಾಡನ್ನು ಹಂಚಿಕೊಂಡು ಬಾಳುತ್ತವೆ. ಕಪುಚಿನ್ ಹಣ್ಣು, ಕೀಟ, ಸಣ್ಣ ಪ್ರಾಣಿ ಎಲ್ಲವನ್ನೂ ತಿನ್ನುತ್ತದೆ. ಜೇಡಕೋತಿ ಮುಖ್ಯವಾಗಿ ಹಣ್ಣನ್ನೇ ನಂಬಿದೆ. ಹೌಲರ್ ಹಣ್ಣಿನ ಜೊತೆಗೆ ಎಲೆಯನ್ನೂ ಧಾರಾಳವಾಗಿ ತಿನ್ನುತ್ತದೆ. ಇವುಗಳಲ್ಲಿ ಹೌಲರ್ ಒಂದು ಅಪವಾದ. ಅದರ ಪೂರ್ವಜರಲ್ಲಿ ಆಪ್ಸಿನ್ ಜೀನು ಎರಡಾಗಿ ಪ್ರತಿಯಾದ್ದರಿಂದ, ನಮ್ಮಂತೆಯೇ ಅದರ ಗಂಡಿಗೂ ಹೆಣ್ಣಿಗೂ ಮೂರು ಬಣ್ಣಗಳ ದೃಷ್ಟಿಯಿದೆ ಎಂಬುದು 1996ರಿಂದಲೇ ತಿಳಿದಿರುವ ಸಂಗತಿ.

ತ್ರಿವರ್ಣ ದೃಷ್ಟಿಯಿಂದ ಏನು ಪ್ರಯೋಜನ? ಹಸಿರು ಎಲೆಗಳ ನಡುವೆ ಕೆಂಪು, ಕಿತ್ತಳೆ ಬಣ್ಣದ ಹಣ್ಣುಗಳನ್ನು ಗುರುತಿಸಲು ಎಂಬ ಉತ್ತರ ಹತ್ತೊಂಬತ್ತನೆಯ ಶತಮಾನದ್ದು. ಅದರ ಪಕ್ಕದಲ್ಲಿಯೇ ಇನ್ನೊಂದು ಉತ್ತರವೂ ಬೆಳೆಯಿತು. ನಥಾನಿಯಲ್ ಡಾಮಿನಿ ಮತ್ತು ಪೀಟರ್ ಲ್ಯೂಕಸ್ ಅವರು ಉಗಾಂಡಾದ ಕಿಬಾಲೆ ಕಾಡಿನಲ್ಲಿ ಚಿಂಪಾಂಜಿ ಮತ್ತು ಮೂರು ಜಾತಿಯ ಮಂಗಗಳು ತಿನ್ನುವ ಹಣ್ಣು, ಎಲೆಗಳ ಬಣ್ಣವನ್ನು ಅಳೆದು, 2001ರಲ್ಲಿ, ಕೆಂಪು ಹಸಿರುಗಳನ್ನು ಬೇರ್ಪಡಿಸುವ ಶಕ್ತಿ ನಿಜವಾಗಿ ನೆರವಾಗುವುದು ಚಿಗುರೆಲೆಗಳನ್ನು ಆರಿಸುವಾಗ ಎಂದು ವಾದಿಸಿದರು. ಉಷ್ಣವಲಯದ ಹಲವು ಮರಗಳ ಚಿಗುರು ಕೆಂಪಾಗಿರುತ್ತದೆ; ಅದು ಮೆದು, ಅದರಲ್ಲಿ ಪ್ರೋಟೀನು ಹೆಚ್ಚು. ಹಣ್ಣು ಸಿಗದ ಕಾಲದಲ್ಲಿ ಇದೇ ಆಸರೆಯಾದೀತು. ಈ ಎರಡು ಉತ್ತರಗಳೂ ಪೂರ್ಣವಾಗಿ ಸೋತಿಲ್ಲ, ಪೂರ್ಣವಾಗಿ ಗೆದ್ದೂ ಇಲ್ಲ. ಎರಡರ ಹಿಂದೆಯೂ ಒಂದು ಊಹೆಯಿತ್ತು: ಬಣ್ಣದ ಅಂತರ ಕಾಣಬಲ್ಲ ಮಂಗ ಅದನ್ನು ಬಳಸಿ ಹೆಚ್ಚು ಗಳಿಸುತ್ತದೆ ಎಂಬುದು. ಈ ಊಹೆಯನ್ನು ಪರೀಕ್ಷಿಸುವುದು ಅಳತೆಯ ಉಪಕರಣದಿಂದ ಆಗುವ ಕೆಲಸವಲ್ಲ.

ಪರೀಕ್ಷಿಸಿದಾಗ ಮೊದಲು ಬಂದ ಫಲಿತಾಂಶಗಳು ಗೊಂದಲವನ್ನೇ ಹೆಚ್ಚಿಸಿದವು. ಚಿಹಿರೊ ಹಿರಮತ್ಸು ಮತ್ತು ಸಂಗಡಿಗರು ಸಾಂತಾ ರೋಸಾದ ಜೇಡಕೋತಿಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹಣ್ಣು ಹುಡುಕುವುದರಲ್ಲಿ ತ್ರಿವರ್ಣ ದೃಷ್ಟಿಯ ಮಂಗಗಳಿಗೆ ಯಾವ ಮೇಲುಗೈಯೂ ಕಾಣಲಿಲ್ಲ. ಹತ್ತಿರದಿಂದ ಹಣ್ಣನ್ನು ಆರಿಸುವಾಗ ಬಣ್ಣಕ್ಕಿಂತ ಹೊಳಪಿನ ಅಂತರ, ಅಂದರೆ ಎಲೆಗಿಂತ ಹಣ್ಣು ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದೇ, ಹೆಚ್ಚು ನಿರ್ಣಾಯಕವಾಗಿತ್ತು. ಹೊಳಪಿನ ಅಂತರ ಎರಡು ಬಗೆಯ ಕಣ್ಣಿಗೂ ಸಮಾನವಾಗಿಯೇ ಕಾಣುತ್ತದೆ. ಹಣ್ಣು ಕೆಂಪಾಗಿದೆ ಎಂದು ನಮಗೆ ಕಾಣುವುದರಿಂದ, ಅದನ್ನು ಗುರುತಿಸಲು ಕೆಂಪೇ ಬೇಕು ಎಂದು ನಾವು ಭಾವಿಸಿದ್ದೆವು. ನಮ್ಮ ಕಣ್ಣಿನ ಪಕ್ಷಪಾತವನ್ನು ಮಂಗದ ಮೇಲೆ ಹೊರಿಸುವ ಈ ಅಭ್ಯಾಸ ಈ ಕ್ಷೇತ್ರದಲ್ಲಿ ಪದೇ ಪದೇ ಎದುರಾಗುತ್ತದೆ.

ಇದಕ್ಕಿಂತ ಕುತೂಹಲದ ಫಲಿತಾಂಶ ಕೀಟಗಳ ವಿಷಯದಲ್ಲಿ ಬಂದಿತು. ಅಮಾಂಡಾ ಮೆಲಿನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದಂತೆ, ಕಪುಚಿನ್‌ಗಳಲ್ಲಿ ಎಲೆ, ಕೊಂಬೆಗಳ ಮೇಲ್ಮೈಯಲ್ಲಿ ಕುಳಿತ ಕೀಟಗಳನ್ನು ಹಿಡಿಯುವುದರಲ್ಲಿ ದ್ವಿವರ್ಣ ದೃಷ್ಟಿಯ ಮಂಗಗಳೇ ಹೆಚ್ಚು ಸಮರ್ಥವಾಗಿದ್ದವು. ಬೆಳಕು ಮಂದವಾದಷ್ಟೂ ಈ ಅಂತರ ಎದ್ದುಕಾಣುತ್ತಿತ್ತು. ಇಂಥ ಕೀಟಗಳು ಸುತ್ತಲಿನ ಬಣ್ಣದಲ್ಲಿ ಬೆರೆತು ಅಡಗುತ್ತವೆ. ಬಣ್ಣಗಳ ವೈವಿಧ್ಯ ಕಂಡ ಕಣ್ಣು ಬಣ್ಣದಲ್ಲೇ ದಾರಿ ತಪ್ಪುತ್ತದೆ. ಬಣ್ಣ ಕಡಿಮೆ ಕಂಡ ಕಣ್ಣು ಅಂಚು, ಆಕಾರ, ಮೈಯ ನವಿರು ಒರಟುಗಳ ಅಂತರವನ್ನು ಹಿಡಿಯುತ್ತದೆ ಎಂಬುದು ಇದಕ್ಕೆ ಸಂಶೋಧಕರು ಕೊಡುವ ವಿವರಣೆ. ಬಣ್ಣಗುರುಡು ಎಂದು ನಾವು ಕರೆಯುವ ಸ್ಥಿತಿ ಇಲ್ಲಿ ಕೊರತೆಯಾಗಿ ಉಳಿಯುವುದಿಲ್ಲ, ಬೇರೊಂದು ಬಗೆಯ ನೋಟವಾಗುತ್ತದೆ.

ಹಾಗಾದರೆ ತ್ರಿವರ್ಣ ದೃಷ್ಟಿಗೆ ಹಣ್ಣಿನ ವಿಷಯದಲ್ಲಿ ಲಾಭವೇ ಇಲ್ಲವೆ? ಇದೆ ಎಂದು ಅದೇ ತಂಡ 2017ರಲ್ಲಿ, ಇನ್ನೂ ದೊಡ್ಡ ಪ್ರಮಾಣದ ಮಾಹಿತಿಯ ಆಧಾರದ ಮೇಲೆ ತೋರಿಸಿತು. ಮಾಗಿದಾಗ ಕೆಂಪು ಹಸಿರಿನ ಅಂತರ ಎದ್ದು ಕಾಣುವ ಹಣ್ಣುಗಳ ವಿಷಯದಲ್ಲಿ ತ್ರಿವರ್ಣ ದೃಷ್ಟಿಯ ಕಪುಚಿನ್‌ಗಳು ಅಷ್ಟೇ ಸಮಯದಲ್ಲಿ ಉಳಿದವುಗಳಿಗಿಂತ ಹೆಚ್ಚು ಹಣ್ಣು ತಿನ್ನುತ್ತವೆ. ಹಿಂದಿನ ಅಧ್ಯಯನಗಳು ಸುಳ್ಳಾದವು ಎಂದು ಇದರ ಅರ್ಥವಲ್ಲ. ಕಾಡಿನ ಹಣ್ಣುಗಳೆಲ್ಲವೂ ಕೆಂಪಾಗುವುದಿಲ್ಲ. ಹಲವು ಹಣ್ಣುಗಳು ಮಾಗಿದ ಮೇಲೂ ಹಸಿರಾಗಿಯೇ ಅಥವಾ ಕಂದಾಗಿಯೇ ಉಳಿಯುತ್ತವೆ. ಎಲ್ಲ ಹಣ್ಣುಗಳನ್ನು ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆದರೆ ಲಾಭ ಕರಗಿಹೋಗುತ್ತದೆ, ಬಣ್ಣದ ಪ್ರಕಾರ ಬೇರ್ಪಡಿಸಿದರೆ ಕಾಣಿಸಿಕೊಳ್ಳುತ್ತದೆ. ಇಷ್ಟು ಸೂಕ್ಷ್ಮವಾದ ಅಂತರ ಕಾಣಬೇಕಾದರೆ ಒಂದು ಋತುವಿನ ಕೆಲಸ ಸಾಲದು; ವರ್ಷಗಟ್ಟಲೆ ಮಾಹಿತಿ ಕೂಡಿಬರಬೇಕು.

ಮೂಗಿನ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. ಹಣ್ಣಿನ ಬಣ್ಣ ಸುಳಿವು ಕೊಡದಿದ್ದಾಗ ಮಂಗ ಏನು ಮಾಡುತ್ತದೆ? ಹಣ್ಣನ್ನು ಕಿತ್ತು ಅಥವಾ ಕೊಂಬೆಯಲ್ಲಿರುವಂತೆಯೇ ಹಿಡಿದು ಮೂಗಿನ ಬಳಿಗೆ ತಂದುಕೊಳ್ಳುತ್ತದೆ, ಬೆರಳಿನಿಂದ ಒತ್ತಿ ನೋಡುತ್ತದೆ, ಸ್ವಲ್ಪ ಕಚ್ಚಿ ರುಚಿ ನೋಡಿ ಬೇಡವೆನಿಸಿದರೆ ಎಸೆಯುತ್ತದೆ. ಅತ್ತಿ ಜಾತಿಯ ಹಣ್ಣುಗಳನ್ನು ತಿನ್ನುವಾಗ ಇದು ಸ್ಪಷ್ಟವಾಗಿ ಕಾಣುತ್ತದೆ. ಸಂಶೋಧಕರು ಇಂಥ ಒಂದೊಂದು ಕ್ರಿಯೆಯನ್ನೂ, ಒಂದೊಂದು ಹಣ್ಣಿನ ಮಟ್ಟಿಗೂ ಬೇರೆಯಾಗಿ ಬರೆದುಕೊಳ್ಳುತ್ತಾರೆ: ನೋಡಿತೆ, ಮೂಸಿತೆ, ಒತ್ತಿತೆ, ಕಚ್ಚಿತೆ, ತಿಂದಿತೆ, ಎಸೆಯಿತೆ. ಕೇಳಲು ಸುಲಭವಾದ ಈ ಕೆಲಸ ದಟ್ಟವಾದ ಎಲೆಗಳ ನಡುವೆ, ಎತ್ತರದ ಮರದಲ್ಲಿ, ಕ್ಷಣಾರ್ಧದಲ್ಲಿ ಮುಗಿಯುವ ಚಲನೆಗಳನ್ನು ತಪ್ಪದೆ ಹಿಡಿಯುವುದನ್ನು ಬೇಡುತ್ತದೆ. ಗುಂಪಿನಲ್ಲಿ ಕಣ್ಣಿಗೆ ಬಿದ್ದುದನ್ನೆಲ್ಲ ಬರೆಯದೆ, ಆರಿಸಿದ ಒಂದೇ ಮಂಗವನ್ನು ಗೊತ್ತಾದ ಅವಧಿಯವರೆಗೆ ಹಿಂಬಾಲಿಸುವ ಪದ್ಧತಿಯನ್ನು ಜೀನ್ ಆಲ್ಟ್‌ಮನ್ 1974ರಲ್ಲಿ ತರ್ಕಬದ್ಧವಾಗಿ ರೂಪಿಸಿಕೊಟ್ಟಿದ್ದು ಈ ಎಲ್ಲ ಕೆಲಸಕ್ಕೆ ತಳಹದಿ. ಆ ಶಿಸ್ತು ಇಲ್ಲದಿದ್ದರೆ ಹೆಚ್ಚು ಗದ್ದಲ ಮಾಡುವ ಮಂಗವೇ ಹೆಚ್ಚು ಪುಟಗಳನ್ನು ತುಂಬುತ್ತದೆ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದಾಖಲೆಗಳನ್ನು ವಾಸನೆಯ ರಾಸಾಯನಿಕ ಅಳತೆಯೊಡನೆ ಜೋಡಿಸಿತು. 75 ಕಪುಚಿನ್‌ಗಳ ಬಗ್ಗೆ 25 ತಿಂಗಳ ಅವಧಿಯ ಮಾಹಿತಿ ಒಂದು ಕಡೆ. ಅವು ತಿನ್ನುವ 18 ಸಸ್ಯ ಜಾತಿಗಳ ಹಣ್ಣುಗಳ ಬಣ್ಣ ಮತ್ತು ಅವು ಹೊರಸೂಸುವ ವಾಸನೆಯ ಅಳತೆ ಇನ್ನೊಂದು ಕಡೆ. ಕಾಯಿ ಹಣ್ಣಾಗುವಾಗ ವಾಸನೆಯ ಪ್ರಮಾಣ ಎಷ್ಟು ಏರುತ್ತದೋ ಅಷ್ಟಕ್ಕೆ ತಕ್ಕಂತೆ ಮಂಗಗಳು ಆ ಹಣ್ಣನ್ನು ಹೆಚ್ಚು ಮೂಸುತ್ತವೆ ಎಂಬುದು ಕಂಡಿತು. ಎಲ್ಲವನ್ನೂ ಅಭ್ಯಾಸಬಲದಿಂದ ಮೂಸುವುದಲ್ಲ. ಮೂಸಿದರೆ ಏನಾದರೂ ತಿಳಿಯುವಂಥ ಹಣ್ಣನ್ನೇ ಮೂಸುತ್ತವೆ. ಕೆಂಪು ಹಸಿರುಗಳ ಅಂತರ ಕಾಣದ ಮಂಗಗಳು ಉಳಿದವುಗಳಿಗಿಂತ ಹೆಚ್ಚು ಬಾರಿ ಮೂಸುತ್ತವೆ ಎಂಬುದು ಎರಡನೆಯ ಫಲಿತಾಂಶ. ಕಣ್ಣಿನಿಂದ ಸಿಗದ ತಿಳಿವನ್ನು ಅವು ಮೂಗಿನಿಂದ ತುಂಬಿಕೊಳ್ಳುತ್ತಿವೆ.

ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದದ್ದು 2022ರ ಹೋಲಿಕೆ. ಸಾಂತಾ ರೋಸಾದ ಮೂರೂ ಜಾತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಣ್ಣನ್ನೇ ನಂಬಿರುವ ಜೇಡಕೋತಿ ಎಲ್ಲಕ್ಕಿಂತ ಹೆಚ್ಚು ಮೂಸುತ್ತದೆ ಎಂದೂ, ಬೆರಳುಗಳಲ್ಲಿ ಹೆಚ್ಚು ಚಾತುರ್ಯವಿರುವ ಕಪುಚಿನ್ ಎಲ್ಲಕ್ಕಿಂತ ಹೆಚ್ಚು ಕೈಯಿಂದ ಮುಟ್ಟಿ ನೋಡುತ್ತದೆ ಎಂದೂ ತಿಳಿಯಿತು. ಅಂಗರಚನೆಯ ದೃಷ್ಟಿಯಿಂದ ಇದರಲ್ಲಿ ಒಂದು ಪಾಠವಿದೆ. ಒಂದು ಜಾತಿ ಎಷ್ಟು ಮೂಸುತ್ತದೆ ಎಂಬುದನ್ನು ಊಹಿಸಲು ಮೂಗಿನೊಳಗಿನ ಮೂಳೆಯ ಸುರುಳಿಗಳ ವಿಸ್ತೀರ್ಣಕ್ಕಿಂತ ಮಿದುಳಿನ ಘ್ರಾಣಭಾಗದ ಗಾತ್ರ ಉತ್ತಮ ಸೂಚಕವಾಗಿತ್ತು. ಅಳಿದುಹೋದ ಜಾತಿಗಳ ತಲೆಬುರುಡೆಯಿಂದ ಅವುಗಳ ಬದುಕನ್ನು ಓದಲು ಹೊರಡುವವರಿಗೆ, ಯಾವ ಅಳತೆಯನ್ನು ನಂಬಬೇಕು ಎಂಬುದನ್ನು ಹೇಳಲು ಜೀವಂತ ಮಂಗಗಳೇ ಬೇಕಾದವು. ಜಾತಿಯ ಅಂತರವನ್ನು ಬದಿಗಿಟ್ಟು ನೋಡಿದಾಗಲೂ ದ್ವಿವರ್ಣ ದೃಷ್ಟಿಯ ಮಂಗಗಳು ಹೆಚ್ಚು ಮೂಸುತ್ತಿದ್ದವು, ಹೆಚ್ಚು ಕಚ್ಚಿ ನೋಡುತ್ತಿದ್ದವು. ಬಣ್ಣದಿಂದ ಹಣ್ಣೋ ಕಾಯೋ ತಿಳಿಯದಂಥವುಗಳ ಮುಂದೆ ತ್ರಿವರ್ಣ ದೃಷ್ಟಿಯ ಮಂಗಗಳು ಕೈಯ ಮೊರೆ ಹೋಗುತ್ತಿದ್ದವು. ಅವು ಮೂಗಿನ ಬದಲು ಕೈಯನ್ನೇ ಏಕೆ ಆರಿಸುತ್ತವೆ ಎಂಬುದಕ್ಕೆ ಸಮಾಧಾನಕರವಾದ ವಿವರಣೆ ನನಗೆ ಕಂಡಿಲ್ಲ.

ಮೂಸುವುದಕ್ಕೆ ಪ್ರತಿಯಾಗಿ ಸಸ್ಯದ ಕಡೆಯ ಪ್ರಶ್ನೆಯೂ ಇದೆ. ಹಣ್ಣಿನ ವಾಸನೆ ಮಾಗುವಿಕೆಯ ಉಪಫಲ ಮಾತ್ರವೋ, ಬೀಜ ಹರಡುವ ಪ್ರಾಣಿಯನ್ನು ಕರೆಯಲು ವಿಕಾಸಗೊಂಡ ಸಂಕೇತವೋ? ಓಮರ್ ನೆವೊ ಮತ್ತು ಸಂಗಡಿಗರು ಮಡಗಾಸ್ಕರಿನ ರನೊಮಫಾನಾ ಕಾಡಿನಲ್ಲಿ, ಹಕ್ಕಿಗಳು ಬೀಜ ಹರಡುವ ಗಿಡಗಳನ್ನೂ ಲೀಮರ್‌ಗಳು ಹರಡುವ ಗಿಡಗಳನ್ನೂ ಹೋಲಿಸಿದರು. ಲೀಮರ್‌ಗಳನ್ನು ನೆಚ್ಚಿದ ಗಿಡಗಳ ಹಣ್ಣಿನಲ್ಲಿ ಮಾಗುವಾಗ ವಾಸನೆ ಹೆಚ್ಚು ಬದಲಾಗುತ್ತದೆ ಎಂದು 2018ರಲ್ಲಿ ತೋರಿಸಿದರು. ಲೀಮರ್‌ಗಳು ಮಂಗಗಳಲ್ಲ, ಹತ್ತಿರದ ಬಂಧುಗಳು ಮಾತ್ರ; ಅವುಗಳ ಮೂಗು ಇನ್ನೂ ಚುರುಕು. ಆದ್ದರಿಂದ ಇದನ್ನು ಮಂಗಗಳಿಗೆ ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು.

ಇಲ್ಲಿಯವರೆಗಿನ ವಿವರಗಳಲ್ಲಿ ಮಂಗ ಹಣ್ಣಿನ ಮುಂದೆ ಕುಳಿತಿದೆ. ಅಲ್ಲಿಗೆ ಅದು ಹೇಗೆ ಬಂದಿತು ಎಂಬುದು ಇನ್ನೂ ಕಷ್ಟದ ಪ್ರಶ್ನೆ, ಏಕೆಂದರೆ ದೂರದಿಂದ ನಡೆದು ಬಂದ ಮಂಗ ಕಂಡು ಬಂದಿತೋ, ವಾಸನೆ ಹಿಡಿದು ಬಂದಿತೋ, ನೆನಪಿನಿಂದ ಬಂದಿತೋ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಇದನ್ನು ಬಿಡಿಸಲು ಕೆಲವರು ಕಾಡಿನಲ್ಲಿಯೇ ಪ್ರಯೋಗಗಳನ್ನು ಹೂಡಿದರು. ಬ್ರೆಜಿಲಿನಲ್ಲಿ ಬಿಕ್ಕಾ-ಮಾರ್ಕೆಸ್ ಮತ್ತು ಗಾರ್ಬರ್ ಅವರು ಮರಗಳಲ್ಲಿ ಅಟ್ಟಣೆಗಳನ್ನು ಕಟ್ಟಿ, ಕೆಲವದರಲ್ಲಿ ನಿಜವಾದ ಬಾಳೆಹಣ್ಣನ್ನೂ ಕೆಲವದರಲ್ಲಿ ಪ್ಲಾಸ್ಟಿಕ್ ಬಾಳೆಹಣ್ಣನ್ನೂ ಇಟ್ಟು, ನೋಟದ ಸುಳಿವು, ವಾಸನೆಯ ಸುಳಿವು, ಸ್ಥಳದ ಸುಳಿವು ಇವುಗಳನ್ನು ಒಂದೊಂದಾಗಿ ಕೊಟ್ಟು ತೆಗೆದು ಪರೀಕ್ಷಿಸಿದರು. ರಾತ್ರಿ ಸಂಚರಿಸುವ, ಬಣ್ಣವೇ ಕಾಣದ ಆಯೋಟಸ್ ಮಂಗಗಳು ವಾಸನೆಯನ್ನು ಹಗಲಿನ ಮಂಗಗಳಿಗಿಂತ ಚೆನ್ನಾಗಿ ಬಳಸಿದವು. ಸ್ಥಳದ ನೆನಪು ಎಲ್ಲ ಜಾತಿಗಳಿಗೂ ಉಪಯೋಗಕ್ಕೆ ಬಂದಿತು. ಕಿಬಾಲೆಯಲ್ಲಿ ಕಾರ್ಲಿನ್ ಯಾನ್ಮಾಟ್ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದ ಸಂಗತಿ ಇನ್ನೂ ಸ್ವಾರಸ್ಯದ್ದು. ಹಿಂದೆ ಹಣ್ಣು ಕಂಡಿದ್ದ ಅತ್ತಿ ಜಾತಿಯ ಮರಗಳಿಗೆ ಬೂದುಗೆನ್ನೆಯ ಮ್ಯಾಂಗಬೆ ಮಂಗಗಳು ಬೆಚ್ಚಗಿನ, ಬಿಸಿಲು ಬಿದ್ದ ದಿನಗಳು ಕಳೆದ ಮೇಲೆ ಮತ್ತೆ ಹೋಗುವ ಸಂಭವ ಹೆಚ್ಚಾಗಿತ್ತು. ಮೋಡ ಕವಿದು ತಂಪಾಗಿದ್ದ ದಿನಗಳ ಬಳಿಕ ಕಡಿಮೆಯಾಗಿತ್ತು. ಬಿಸಿಲಿಗೆ ಹಣ್ಣು ಬೇಗ ಮಾಗುತ್ತದೆ ಎಂಬುದನ್ನು ಅವು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ ಎಂದು ಇದು ಸೂಚಿಸುತ್ತದೆ. ಇಂದ್ರಿಯದ ಅಧ್ಯಯನ ಇಲ್ಲಿ ನೆನಪಿನ ಅಧ್ಯಯನದಿಂದ ಬೇರೆಯಾಗಿ ನಿಲ್ಲಲಾರದು.

ಕಿವಿಯ ವಿಷಯದಲ್ಲಿ ಕಾಡಿನ ಪ್ರಯೋಗಗಳು ಇನ್ನೂ ಹಳೆಯವು. ರಾಬರ್ಟ್ ಸೇಫಾರ್ತ್, ಡೊರೊತಿ ಚೀನಿ ಮತ್ತು ಪೀಟರ್ ಮಾರ್ಲರ್ ಅವರು ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಮಂಗಗಳ ಅಪಾಯದ ಕೂಗುಗಳನ್ನು ಧ್ವನಿಮುದ್ರಿಸಿಕೊಂಡು, ಬೇಟೆಗಾರ ಪ್ರಾಣಿ ಇಲ್ಲದಿರುವಾಗ ಅಡಗಿಸಿಟ್ಟ ಧ್ವನಿವರ್ಧಕದಿಂದ ಕೇಳಿಸಿದರು. ಚಿರತೆಯ ಕೂಗಿಗೆ ಮಂಗಗಳು ಮರವೇರಿದವು, ಹದ್ದಿನ ಕೂಗಿಗೆ ಮೇಲೆ ನೋಡಿದವು ಅಥವಾ ಪೊದೆ ಹೊಕ್ಕವು, ಹಾವಿನ ಕೂಗಿಗೆ ಹಿಂಗಾಲುಗಳ ಮೇಲೆ ನಿಂತು ನೆಲವನ್ನು ದಿಟ್ಟಿಸಿದವು. 1980ರಲ್ಲಿ ಪ್ರಕಟವಾದ ಈ ಕೆಲಸ ಪ್ರಾಣಿಗಳ ಸಂವಹನದ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅದೇ ಜಾತಿಯ ಮಂಗಗಳ ಮೇಲೆ ಬಹಳ ವರ್ಷಗಳ ಬಳಿಕ ಲಿನ್ ಇಸ್ಬೆಲ್ ನಡೆಸಿದ ಪ್ರಯೋಗದಲ್ಲಿ, ಸುಮಾರು ಒಂದು ಇಂಚಿನಷ್ಟೇ ಹಾವಿನ ಚರ್ಮ ಹೊರಗೆ ಕಾಣುವಂತೆ ಇಟ್ಟರೂ ಅವು ಅದನ್ನು ಗುರುತಿಸಿದವು. ಹಾವಿನ ಪೊರೆಯ ವಿನ್ಯಾಸವೇ ಇದಕ್ಕೆ ಸಾಕಾಗಿತ್ತು. ಮಂಗಗಳ ದೃಷ್ಟಿ ಚುರುಕಾಗಲು ಹಾವುಗಳ ಭಯ ಒಂದು ಕಾರಣವಾಗಿರಬೇಕು ಎಂಬ ಇಸ್ಬೆಲ್ ಅವರ ವಾದಕ್ಕೆ ಇದು ಬೆಂಬಲ ಕೊಡುತ್ತದೆ, ಆದರೆ ಅದನ್ನು ಸ್ಥಾಪಿಸುವುದಿಲ್ಲ.

ಮತ್ತೆ ಬಣ್ಣಕ್ಕೆ ಬರುವುದಾದರೆ, ಈ ಎಲ್ಲ ಕೆಲಸದ ನಡುವೆ ಬಗೆಹರಿಯದೆ ಉಳಿದಿರುವ ಒಂದು ಕಗ್ಗಂಟಿದೆ, ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಮುಖ್ಯ ಪ್ರಶ್ನೆ ಅದೇ. ಆಪ್ಸಿನ್ ಜೀನಿನ ಹಲವು ರೂಪಗಳು ಅಮೆರಿಕದ ಮಂಗಗಳಲ್ಲಿ ಬಹುಕಾಲದಿಂದ ಉಳಿದು ಬಂದಿವೆ. ಸಾಂತಾ ರೋಸಾದ ಕಪುಚಿನ್ ಮತ್ತು ಜೇಡಕೋತಿಗಳ ಜೀನುಗಳನ್ನು ವಿಶ್ಲೇಷಿಸಿದ 2010ರ ಅಧ್ಯಯನವೊಂದು, ಇದು ಆಕಸ್ಮಿಕವಲ್ಲ, ವೈವಿಧ್ಯವನ್ನು ನೈಸರ್ಗಿಕ ಆಯ್ಕೆಯೇ ಕಾಪಾಡಿಕೊಂಡು ಬಂದಿದೆ ಎಂಬುದಕ್ಕೆ ಸ್ಪಷ್ಟ ಗುರುತುಗಳನ್ನು ಕಂಡಿತು. ಹಾಗಿದ್ದರೆ ತ್ರಿವರ್ಣ ದೃಷ್ಟಿಯ ಹೆಣ್ಣುಗಳು ಹೆಚ್ಚು ಮರಿಗಳನ್ನು ಹೆರಬೇಕು, ಅಥವಾ ಅವುಗಳ ಮರಿಗಳು ಹೆಚ್ಚು ಉಳಿಯಬೇಕು. ಸಾಂತಾ ರೋಸಾದಲ್ಲಿ ದಶಕಗಳಿಂದ ಕೂಡಿಬಂದಿದ್ದ ಹುಟ್ಟು ಸಾವಿನ ದಾಖಲೆಗಳನ್ನು ಫೆಡಿಗನ್ ಮತ್ತು ಸಂಗಡಿಗರು 2014ರಲ್ಲಿ ಪರಿಶೀಲಿಸಿದಾಗ, ತ್ರಿವರ್ಣ ಮತ್ತು ದ್ವಿವರ್ಣ ದೃಷ್ಟಿಯ ಕಪುಚಿನ್ ಹೆಣ್ಣುಗಳ ನಡುವೆ ಹೆರಿಗೆಯಲ್ಲಾಗಲಿ ಮರಿಗಳ ಉಳಿವಿನಲ್ಲಾಗಲಿ ಅಂಥ ಅಂತರ ಕಾಣಲಿಲ್ಲ.

ಜೀನು ಹೌದೆನ್ನುತ್ತದೆ, ತಿನ್ನುವ ವೇಗ ಹೌದೆನ್ನುತ್ತದೆ, ಮರಿಗಳ ಲೆಕ್ಕ ಇಲ್ಲವೆನ್ನುತ್ತದೆ. ಇದಕ್ಕೆ ಹಲವು ವಿವರಣೆಗಳು ಸಾಧ್ಯ. ಲಾಭ ಬಹಳ ಸಣ್ಣದಾಗಿದ್ದು, ಸಾವಿರಾರು ತಲೆಮಾರುಗಳಲ್ಲಿ ಮಾತ್ರ ಎಣಿಕೆಗೆ ಬರುವಂಥದ್ದಾಗಿರಬಹುದು. ಹಾಗಾದರೆ ಒಂದು ಕಾಡಿನ ಕೆಲವೇ ಗುಂಪುಗಳಲ್ಲಿ ಅದು ಕಾಣುವುದಿಲ್ಲ. ಅಪರೂಪಕ್ಕೆ ಬರುವ ತೀವ್ರ ಬರಗಾಲದಂಥ ಸಮಯದಲ್ಲಿ ಮಾತ್ರ ಲಾಭ ನಿರ್ಣಾಯಕವಾಗಬಹುದು. ಅಥವಾ ಲಾಭ ಎರಡೂ ಕಡೆ ಹಂಚಿಕೆಯಾಗಿರಬಹುದು, ಒಬ್ಬರು ಹಣ್ಣಿನಲ್ಲಿ, ಒಬ್ಬರು ಕೀಟದಲ್ಲಿ. ಒಂದೇ ಗುಂಪಿನಲ್ಲಿ ಎರಡೂ ಬಗೆಯ ಕಣ್ಣುಗಳಿರುವುದರಿಂದ ಎಲ್ಲರಿಗೂ ಉಪಯೋಗವಾಗಬಹುದು. ನನಗೆ ಹೆಚ್ಚು ಸಂಭಾವ್ಯವೆಂದು ತೋರುವುದು ಇವೆಲ್ಲಕ್ಕಿಂತ ಸರಳವಾದ ಮಾತು: ಒಂದು ಇಂದ್ರಿಯದಲ್ಲಿ ಕಡಿಮೆಯಾದುದನ್ನು ಮಂಗ ಇನ್ನೊಂದರಿಂದ ಸರಿದೂಗಿಸಿಕೊಳ್ಳುತ್ತದೆ, ಅದರಿಂದಾಗಿ ಕಣ್ಣಿನ ಅಂತರ ಮರಿಗಳ ಲೆಕ್ಕದವರೆಗೆ ತಲುಪುವಷ್ಟರಲ್ಲಿ ಸವೆದುಹೋಗುತ್ತದೆ. ದ್ವಿವರ್ಣ ದೃಷ್ಟಿಯ ಮಂಗಗಳು ಹೆಚ್ಚು ಮೂಸುತ್ತವೆ, ಹೆಚ್ಚು ಕಚ್ಚಿ ನೋಡುತ್ತವೆ ಎಂಬ ಮಾಹಿತಿ ಇದಕ್ಕೆ ಒಗ್ಗುತ್ತದೆ. ಆದರೆ ಮೂಸಲು ತಗಲುವ ಸಮಯ, ಕಚ್ಚಿ ಎಸೆದ ಕಾಯಿಯ ನಷ್ಟ ಎಷ್ಟೆಂದು ಅಳೆದು ಸೇರಿಸುವವರೆಗೆ ಇದು ಊಹೆಯೇ.

ಈ ಸರಿದೂಗಿಸುವಿಕೆಯ ಮಾತು ಈಗ ಮಹತ್ವ ಪಡೆಯುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ಮಂಗಗಳು ವಾಸಿಸುವ ಹಲವು ಕಾಡುಗಳು ಇಂದು ರಸ್ತೆ, ನಗರ, ವಿಮಾನ ನಿಲ್ದಾಣಗಳ ಅಂಚಿಗೆ ಬಂದು ನಿಂತಿವೆ. ಕಾಡಿನ ವಿಸ್ತೀರ್ಣ ಎಷ್ಟು ಉಳಿದಿದೆ ಎಂಬುದನ್ನು ಉಪಗ್ರಹದಿಂದ ಅಳೆಯಬಹುದು. ಉಳಿದ ಕಾಡಿನಲ್ಲಿ ಒಂದು ಮಂಗಕ್ಕೆ ಇನ್ನೊಂದರ ಕೂಗು ಕೇಳಿಸುತ್ತದೆಯೇ ಎಂಬುದನ್ನು ಹಾಗೆ ಅಳೆಯಲಾಗದು. ಬ್ರೆಜಿಲಿನ ಮನಾಉಸ್ ನಗರ ಮತ್ತು ಅದರ ಸುತ್ತಲಿನ ಸಣ್ಣ ವ್ಯಾಪ್ತಿಯಲ್ಲಿ ಮಾತ್ರ ಬದುಕುವ, ಅಳಿವಿನ ಅಂಚಿನಲ್ಲಿರುವ ಪೈಡ್ ಟಾಮರಿನ್ ಎಂಬ ಪುಟ್ಟ ಮಂಗಗಳು ಇದಕ್ಕೆ ಉದಾಹರಣೆ. ಮನುಷ್ಯರ ಗದ್ದಲ ಹೆಚ್ಚಿದಂತೆ ಅವು ಕೊಂಬೆಗಳಿಗೆ ಮೈಯುಜ್ಜಿ ವಾಸನೆಯ ಗುರುತು ಹಾಕುವುದನ್ನು ಹೆಚ್ಚಿಸುತ್ತವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕೂಗು ಮುಚ್ಚಿಹೋಗುವ ಕಡೆ ವಾಸನೆಯನ್ನು ಮುಂದೆ ಮಾಡುವುದು ಮೇಲ್ನೋಟಕ್ಕೆ ಜಾಣ ಹೊಂದಾಣಿಕೆಯಂತೆ ಕಾಣುತ್ತದೆ.

ಆದರೆ ಕೂಗು ಮತ್ತು ವಾಸನೆ ಒಂದೇ ಕೆಲಸ ಮಾಡುವುದಿಲ್ಲ. ಕೂಗು ದೂರಕ್ಕೆ ಕ್ಷಣದಲ್ಲಿ ತಲುಪುತ್ತದೆ, ಆಗಲೇ ಅಳಿಯುತ್ತದೆ. ವಾಸನೆಯ ಗುರುತು ಬಹಳ ಹೊತ್ತು ಉಳಿಯುತ್ತದೆ, ಆದರೆ ಅದರ ಬಳಿಗೇ ಬಂದು ಮೂಸುವವರಿಗೆ ಮಾತ್ರ ತಿಳಿಯುತ್ತದೆ. ಹದ್ದು ಬಂದಿದೆ ಎಂಬುದನ್ನು ಕೊಂಬೆಗೆ ಮೈಯುಜ್ಜಿ ಹೇಳಲಾಗದು. ನೆರೆಯ ಗುಂಪು ಎಲ್ಲಿದೆ ಎಂಬಂಥ ಸುದ್ದಿಯನ್ನು ಅದರಿಂದ ಸ್ವಲ್ಪ ಮಟ್ಟಿಗೆ ತಿಳಿಸಬಹುದೇನೋ. ಗುರುತು ಹೆಚ್ಚು ಹಾಕುವುದು ಸಂವಹನದ ಬದಲಿ ದಾರಿಯೋ, ಗದ್ದಲದಿಂದ ಉಂಟಾದ ಒತ್ತಡದ ಲಕ್ಷಣವೋ ಎಂಬುದನ್ನು ತಿಳಿಯಬೇಕಾದರೆ ಗುರುತು ಹಾಕುವ ಮಂಗವನ್ನು ಎಣಿಸಿದರೆ ಸಾಲದು; ಅದನ್ನು ಮೂಸಿದ ಇನ್ನೊಂದು ಮಂಗ ಬಳಿಕ ಏನು ಮಾಡಿತು, ದಾರಿ ಬದಲಿಸಿತೆ, ಹಿಂದೆ ಸರಿಯಿತೆ, ತನ್ನ ಗುರುತನ್ನು ಅದರ ಮೇಲೆ ಹಾಕಿತೆ ಎಂಬುದನ್ನು ಗದ್ದಲವಿರುವ ಕಡೆಯೂ ಇಲ್ಲದ ಕಡೆಯೂ ದಾಖಲಿಸಬೇಕು. ಕಪುಚಿನ್‌ಗಳ ವಿಷಯದಲ್ಲಿ ಒಂದೊಂದು ಹಣ್ಣಿನ ಮಟ್ಟಿಗೆ ನಡೆದಂಥ ಎಣಿಕೆ ಇಲ್ಲಿ ಒಂದೊಂದು ಗುರುತಿನ ಮಟ್ಟಿಗೆ ನಡೆಯಬೇಕಾಗುತ್ತದೆ. ಅದಕ್ಕೆ ತಗಲುವ ವರ್ಷಗಳಷ್ಟು ಕಾಲ ಆ ಗುಂಪುಗಳು ಅದೇ ಕಾಡಿನ ತುಣುಕಿನಲ್ಲಿ ಉಳಿದಿರಬೇಕೆಂಬುದು ಈ ಕೆಲಸದ ಮೊದಲ ಷರತ್ತು.